ಹಾರೆ ಎತ್ತುವ ಮುನ್ನ



ಹೋದ ಮಳೆಗಾಲದಲ್ಲಿ ನಮ್ಮ ಅಡಿಕೆ ತೋಟದ ಗೊಬ್ಬರದ ಗುಂಡಿ ಅಗೆಯುತ್ತಿದ್ದಾಗ ಗೇಣುದ್ದದ ಕಂದು ಬಣ್ಣದ ಜೀವಿಯೊಂದು ಹೊರಬಂತು. "ಹಾವಿನ ಮರಿ!" ಎಂದು ಮಕ್ಕಳು ಕೂಗಿದರು. ನಾವು ಹಿಂದುಮುಂದು ನೋಡದೆ ಹಾರೆಯಿಂದ ಹೊಡೆದುಬಿಟ್ಟೆವು. ಆಮೇಲೆ ಬಗ್ಗಿ ನೋಡಿದರೆ ಮೈಮೇಲೆ ಹಾವಿನ ಹುರುಪೆಯೇ ಇಲ್ಲ! ನಾವು ಕೊಂದದ್ದು ಕಪ್ಪೆಯ ಬಳಗದ ಒಂದು ಬಡಪಾಯಿಯನ್ನು.

ಉಭಯವಾಸಿಗಳಲ್ಲಿ ಮೂರು ಪಂಗಡಗಳು: ಕಪ್ಪೆಗಳು, ಬಾಲವುಳ್ಳ ಸಾಲಮಾಂಡರ್‌ಗಳು, ಕಾಲೇ ಇಲ್ಲದ ಸಿಸಿಲಿಯನ್‌ಗಳು. ನಮ್ಮ ದೇಶದಲ್ಲಿ ಸಾಲಮಾಂಡರ್ ನೋಡಬೇಕಾದರೆ ಡಾರ್ಜಿಲಿಂಗ್ ಕಡೆಯ ಬೆಟ್ಟಗಳಿಗೆ ಹೋಗಬೇಕು. ಸಿಸಿಲಿಯನ್ ಹಾಗಲ್ಲ, ಪಶ್ಚಿಮ ಘಟ್ಟದ ಸೆರಗಿನಲ್ಲಿರುವ ನಮ್ಮ ಕಾಸರಗೋಡಿನಂಥ ಊರುಗಳ ಒದ್ದೆ ಮಣ್ಣೇ ಅದರ ಮನೆ.

ಗುರುತಿಸುವುದು ಹೇಗೆ? ಹುಳುಹಾವಿನ ಮೈ ಒಣಗಿದ್ದು, ಹುರುಪೆಗಳಿಂದ ಹೊಳೆಯುತ್ತದೆ, ನಾಲಗೆ ಚಾಚುತ್ತದೆ. ಸಿಸಿಲಿಯನ್‌ನ ಮೈ ಒದ್ದೆ, ನುಣುಪು; ಉದ್ದಕ್ಕೂ ಬಳೆ ತೊಡಿಸಿದಂತೆ ಗೆರೆಗಳು. ಗೆರೆ ಕಂಡು ಎರೆಹುಳು ಎನ್ನಬೇಡಿ. ಎರೆಹುಳಕ್ಕೆ ದವಡೆಯಿಲ್ಲ, ಇದಕ್ಕೆ ದವಡೆಯೂ ಉಂಟು, ಹಲ್ಲೂ ಉಂಟು. ಕಣ್ಣು ಕಂಡೂ ಕಾಣದಂತಿರುತ್ತದೆ. ಮುಖದ ಎರಡು ಬದಿಯಲ್ಲಿರುವ ಪುಟ್ಟ ಸ್ಪರ್ಶಾಂಗಗಳಿಂದಲೇ ಅದು ಮಣ್ಣಿನೊಳಗೆ ದಾರಿ, ಆಹಾರ ಹುಡುಕುತ್ತದೆ.

ಇವುಗಳಲ್ಲೂ ಜಾತಿಗಳು ಹಲವು. ಮೈಯ ಎರಡೂ ಪಕ್ಕದಲ್ಲಿ ಹಳದಿ ಪಟ್ಟೆಯಿದ್ದು, ತುದಿಯಲ್ಲಿ ಚಿಕ್ಕ ಬಾಲವಿದ್ದರೆ ಅದು ಇಕ್ತಿಯೋಫಿಸ್ ಕುಲದ್ದು. ಪಟ್ಟೆಯೂ ಇಲ್ಲ, ಬಾಲವೂ ಇಲ್ಲವೆಂದರೆ ಗೆಗೆನಿಯೋಫಿಸ್ ಇರಬಹುದು. ಆದರೆ ಇಕ್ತಿಯೋಫಿಸ್‌ನಲ್ಲೂ ಪಟ್ಟೆಯಿಲ್ಲದವು ಇರುವುದರಿಂದ ಬಾಲವನ್ನು ನೋಡದೆ ತೀರ್ಮಾನಿಸಬಾರದು. ಇಕ್ತಿಯೋಫಿಸ್ ತಾಯಿ ನೀರಿನ ಬಳಿಯ ಮಣ್ಣಿನಲ್ಲಿ ಮೊಟ್ಟೆಯಿಟ್ಟು, ಅದಕ್ಕೆ ಸುತ್ತಿಕೊಂಡು ಕಾವಲು ಕೂರುತ್ತದೆ.

ಮಂಗಳೂರು ಬಳಿಯ ಗುರುಪುರದ ತೋಟದಲ್ಲಿ ಸಿಕ್ಕಿದ ಒಂದು ಹೊಸ ಜಾತಿಗೆ 1999ರಲ್ಲಿ ಹೆಸರಿಟ್ಟರು. ಉಡುಪಿ ಜಿಲ್ಲೆಯ ಮುದೂರಿನದಕ್ಕೆ 2004ರಲ್ಲಿ, ಕೊಡಗಿನದಕ್ಕೆ 2007ರಲ್ಲಿ ಹೆಸರು ಬಂತು. ಅಂದರೆ ವಿಜ್ಞಾನಿಗಳು ಹೆಸರಿಡುವ ಮೊದಲೇ ಇಂಥವನ್ನು ನಾವು ಎಷ್ಟೋ ಸಲ ಹಾವೆಂದು ಹೊಡೆದಿರಬೇಕು!

ಸಿಸಿಲಿಯನ್‌ನಿಂದ ಮನುಷ್ಯರಿಗೆ ಅಪಾಯವಿಲ್ಲ. ಗೆದ್ದಲು, ಎರೆಹುಳು ಅದರ ಊಟ. ಅದು ಚರ್ಮದಿಂದಲೂ ಉಸಿರಾಡುವುದರಿಂದ ಉಪ್ಪು, ಕೀಟನಾಶಕ, ಸುಡುಬಿಸಿಲು ಯಾವುದನ್ನೂ ತಾಳದು. ಗುರುತು ಹತ್ತದಿದ್ದರೆ ಕೈಹಾಕುವುದು ಬೇಡ, ಕೊಲ್ಲುವುದೂ ಬೇಡ. ಸ್ವಲ್ಪ ಹಿಂದೆ ಸರಿದರೆ ಅದೇ ಮಣ್ಣಿಗಿಳಿಯುತ್ತದೆ.

ಈ ಮಳೆಗಾಲದಲ್ಲಿ ಅದೇ ಗುಂಡಿಯಲ್ಲಿ ಇನ್ನೊಂದು ಕಂಡಿತು. ಈ ಸಲ ಕೂಗಿದವರು ಮಕ್ಕಳೇ: "ಹೊಡೆಯಬೇಡಿ, ಬಳೆ ಉಂಟು!" ನಾವು ಹಾರೆ ಬದಿಗಿಟ್ಟು, ಅದು ಒದ್ದೆ ಸೊಪ್ಪಿನಡಿ ನುಸುಳುವವರೆಗೆ ಕಾದೆವು. ನಿಮ್ಮ ತೋಟದಲ್ಲೂ ಒಂದು ಗಳಿಗೆ ಹೀಗೆ ಕಾಯುವಿರಲ್ಲವೇ?