ಮರದಂತೆ ಕಾಣುವ ಕಟ್ಟಡಗಳು

ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದಾಗ, ಉಳಿತಾಯ ಯೋಜನೆಗಳನ್ನು ಕುರಿತು ಬರೆಯುವೆನೆಂದು ಒಪ್ಪಿಕೊಂಡಿದ್ದೆ. ಬ್ಯಾಂಕಿನವನಿಂದ ವಾಚಕರು ನಿರೀಕ್ಷಿಸುವುದೂ ಅದನ್ನೇ. ಆದರೆ ಯುಗಾದಿಯ ಹಿಂದಿನ ಭಾನುವಾರ ನಡೆದ ಕಾರ್ಯಕಾರಿ ಸಮಿತಿಯ ಸಭೆ ನನ್ನ ವಿಷಯವನ್ನೇ ಬದಲಿಸಿತು.

ಸಂಘದ ಹಳೆಯ ಕಟ್ಟಡದ ಮೇಲೆ, ಎರಡನೆಯ ಮಹಡಿಯಲ್ಲಿ, ಒಂದು ಸಭಾಂಗಣವನ್ನು ಕಟ್ಟುವ ಯೋಜನೆ ಸದಸ್ಯರಿಗೆಲ್ಲ ತಿಳಿದೇ ಇದೆ. ಆ ದಿನ ಅದರ ಚಿತ್ರಗಳನ್ನು ಪರದೆಯ ಮೇಲೆ ತೋರಿಸಲಾಯಿತು. ತಿಳಿಹಳದಿ ಬಣ್ಣದ ಹಗುರ ಮರವನ್ನು ಕೊರೆದು, ಅಂಟು ಹಾಕಿ ಜೋಡಿಸಿದ ಪುಟ್ಟ ಕಟ್ಟಡ. ಕಿಟಕಿಯ ಅಂಚಿನಲ್ಲಿ ಗರಗಸ ಬಿಟ್ಟುಹೋದ ಸಣ್ಣ ಸಿಬಿರು. ಒಂದು ಮೂಲೆಯಲ್ಲಿ ಹೊರಗೆ ಸೂಸಿದ ಅಂಟಿನ ಹನಿ. ನಮ್ಮ ಹಿರಿಯ ಸದಸ್ಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು, "ಎಷ್ಟು ನಾಜೂಕಾದ ಕೆಲಸ! ಬಡಗಿ ಯಾರು?" ಎಂದು ಕೇಳಿದರು. ಬಡಗಿ ಇರಲಿಲ್ಲ. ಮರವೂ ಇರಲಿಲ್ಲ. ಆ ಅಂಟಿನ ಹನಿಯೂ ಸೇರಿದಂತೆ ಸಮಸ್ತವೂ ಕಂಪ್ಯೂಟರಿನಲ್ಲಿ ರಚಿತವಾದದ್ದು. ಅದು ತಿಳಿದ ಮೇಲೂ ಸಭೆಯ ಸಂತೋಷ ಕಡಿಮೆಯಾಗಲಿಲ್ಲ. ಅಂದಾಜು ವೆಚ್ಚದ ಪಟ್ಟಿಯನ್ನು ಎಲ್ಲರಿಗೂ ಹಂಚಿದ್ದರು. ನನಗೆ ಕಂಡಂತೆ ಅದನ್ನು ಯಾರೂ ಓದಲಿಲ್ಲ.

ಈ ಚಿತ್ರಗಳನ್ನು ಮಾಡಿಕೊಟ್ಟವಳು ನಮ್ಮ ಸದಸ್ಯರೊಬ್ಬರ ಮಗಳು, ವಾಸ್ತುಶಿಲ್ಪ ಓದಿದವಳು. ಸಂಘದಿಂದ ಒಂದು ಕಾಸನ್ನೂ ತೆಗೆದುಕೊಳ್ಳದೆ ದುಡಿದವಳು. ಮಾಡುವ ಬಗೆಯನ್ನು ನನಗೆ ಬಹಳ ತಾಳ್ಮೆಯಿಂದ ತಿಳಿಸಿಹೇಳಿದಳು. ಕಟ್ಟಡದ ಅಳತೆಗಳನ್ನೆಲ್ಲ ಕೊಟ್ಟು ಮೊದಲು ಕಂಪ್ಯೂಟರಿನಲ್ಲಿ ಅದರ ಆಕಾರವನ್ನು ನಿಲ್ಲಿಸುತ್ತಾರೆ. ಆಮೇಲೆ ಗೋಡೆಗಳಿಗೆ ಸುಣ್ಣಬಣ್ಣದ ಬದಲು ನಿಜವಾದ ಮರದ ಹಲಗೆಯ ಛಾಯಾಚಿತ್ರವನ್ನು ಹೊದಿಸುತ್ತಾರೆ. ಮರದ ಎಳೆಗಳನ್ನು ಬೇಕೆಂದೇ ದಪ್ಪವಾಗಿ ಕಾಣಿಸಬೇಕು. ಏಕೆಂದರೆ ಕಟ್ಟಡವನ್ನು ನೂರರಲ್ಲಿ ಒಂದು ಪಾಲಿಗೆ ಕುಗ್ಗಿಸಿದರೆ 3 ಮೀಟರ್ ಎತ್ತರದ ಮಹಡಿ 3 ಸೆಂಟಿಮೀಟರ್ ಆಗುತ್ತದೆ, ಆದರೆ ಮರದ ಎಳೆ ಕುಗ್ಗುವುದಿಲ್ಲ. ಚೂಪಾದ ಅಂಚುಗಳನ್ನು ಕೂದಲೆಳೆಯಷ್ಟು ಸವೆಸುತ್ತಾರೆ. ಲೇಸರ್ ಕಿರಣದಿಂದ ಕತ್ತರಿಸಿದ ಹಲಗೆಯ ಅಂಚು ಸುಟ್ಟು ಕಂದಾಗುವುದುಂಟು. ಬೇಕಾದರೆ ಆ ಕಂದನ್ನೂ ಬಳಿಯಬಹುದು. ಕೊನೆಗೆ ಚಿತ್ರದ ಮುಂಭಾಗವನ್ನೂ ಹಿಂಭಾಗವನ್ನೂ ಕೊಂಚ ಮಸುಕು ಮಾಡುತ್ತಾರೆ. ಚಿಕ್ಕ ವಸ್ತುವನ್ನು ಹತ್ತಿರದಿಂದ ಕ್ಯಾಮೆರಾದಲ್ಲಿ ಹಿಡಿದರೆ ಒಂದು ತೆಳುವಾದ ಭಾಗ ಮಾತ್ರ ಸ್ಪಷ್ಟವಾಗಿ ಮೂಡುತ್ತದೆ. ಈ ಮಸುಕನ್ನು ಕಂಡ ಕೂಡಲೇ ನಮ್ಮ ಕಣ್ಣು, ಇದು ಅಂಗೈಯಲ್ಲಿ ಹಿಡಿಯಬಹುದಾದ ವಸ್ತುವೆಂದು ನಂಬಿಬಿಡುತ್ತದೆ.

ಇಷ್ಟು ಶ್ರಮಪಟ್ಟು ಮರದಂತೆ ಏಕೆ ಕಾಣಿಸಬೇಕು? ಇದಕ್ಕೆ ಅವಳು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. "ಅಂಕಲ್, ಬಣ್ಣ, ಗಾಜು, ಗ್ರಾನೈಟ್ ಎಲ್ಲ ತೋರಿಸಿದರೆ ಜನ ಬಣ್ಣದ ಬಗ್ಗೆಯೇ ಜಗಳವಾಡುತ್ತಾರೆ. ಮರದಲ್ಲಿ ತೋರಿಸಿದರೆ ಆಕಾರವನ್ನು ನೋಡುತ್ತಾರೆ" ಎಂದಳು. ಇದನ್ನು ನಾನು ಒಪ್ಪುತ್ತೇನೆ. ಕೋಕಾಪೇಟೆ, ನಾರ್ಸಿಂಗಿ, ತೆಲ್ಲಾಪುರಗಳ ರಸ್ತೆಗಳಲ್ಲಿ ಹೋಗುವವರಿಗೆ ಗಾಜಿನ ಗೋಪುರಗಳ, ನೀಲಿ ಈಜುಕೊಳಗಳ ಜಾಹೀರಾತು ಫಲಕಗಳು ಎಷ್ಟು ಕಂಡಿವೆಯೆಂದರೆ, ಈಗ ಅವುಗಳಲ್ಲಿ ಯಾರಿಗೂ ನಂಬಿಕೆ ಉಳಿದಿಲ್ಲ. ಮರದ ಮಾದರಿ ಹಾಗಲ್ಲ. ಯಾರೋ ಒಬ್ಬರು ರಾತ್ರಿ ಕುಳಿತು, ಬೆರಳು ಕೊಯ್ದುಕೊಂಡು ಮಾಡಿದ್ದೆಂದು ಅದನ್ನು ಕಂಡವರಿಗೆ ಅನ್ನಿಸುತ್ತದೆ. ನನ್ನ ಆಕ್ಷೇಪ ಇರುವುದೂ ಇಲ್ಲಿಯೇ. ಕೈಗೆಲಸ ಗಳಿಸಿಟ್ಟ ನಂಬಿಕೆಯನ್ನು ಕೈ ಇಲ್ಲದ ಚಿತ್ರ ಸಾಲವಾಗಿ ಪಡೆಯುತ್ತಿದೆ. ಸಾಲಕ್ಕೆ ಜಾಮೀನು ಏನೆಂದು ಕೇಳುವುದು ನನ್ನ ವೃತ್ತಿಧರ್ಮ.

ನಿಜವಾದ ಮಾದರಿ ಏತಕ್ಕೆ ಇದ್ದಿತು? ಲಂಡನ್ನಿನ ಸೇಂಟ್ ಪಾಲ್ ಚರ್ಚನ್ನು ಮತ್ತೆ ಕಟ್ಟಬೇಕಾಗಿ ಬಂದಾಗ ಕ್ರಿಸ್ಟೊಫರ್ ರೆನ್ 1673-74ರಲ್ಲಿ ಒಂದು ದೊಡ್ಡ ಮರದ ಮಾದರಿಯನ್ನು ಮಾಡಿಸಿದನು. ಮನುಷ್ಯನು ಒಳಹೊಕ್ಕು ನೋಡಬಹುದಾದಷ್ಟು ದೊಡ್ಡದು. ಇಂದಿಗೂ ಆ ಚರ್ಚಿನಲ್ಲಿಯೇ ಇದೆ. ಪಾದ್ರಿಗಳು ಅದನ್ನು ನೋಡಿದರು, ಮತ್ತು ಬೇಡವೆಂದರು. ರೆನ್ ಬೇಸತ್ತು, ಇನ್ನು ಮುಂದೆ ಮಾದರಿಗಳನ್ನೇ ಮಾಡಿಸುವುದಿಲ್ಲವೆಂದು ನಿಶ್ಚಯಿಸಿದನಂತೆ. ಅವನ ದುಃಖ ನನಗೆ ಅರ್ಥವಾಗುತ್ತದೆ. ಆದರೂ ಮಾದರಿ ತನ್ನ ಕೆಲಸವನ್ನು ಮಾಡಿತ್ತು. ಹಣ ಕೊಡುವವರು, ಬಳಸುವವರು ಸುತ್ತು ಹಾಕಿ ನೋಡಿ, ಬೇಡವೆನ್ನಲು ಒಂದು ಅವಕಾಶ ಕೊಟ್ಟಿತ್ತು.

ನಮ್ಮಲ್ಲಿಯೂ ಪುಟ್ಟ ಕಟ್ಟಡಗಳ ಮೋಹ ಹಳೆಯದು. 1112ರಲ್ಲಿ ಕಟ್ಟಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಹೊಗಳಿರುವ ಇಟಗಿಯ ಮಹಾದೇವ ದೇವಾಲಯದ ಗೋಡೆಗಳ ಮೇಲೆ ಕಿರುಗೋಪುರಗಳನ್ನು ಕೆತ್ತಿದ್ದಾರೆ; ಕಟ್ಟಡವೇ ತನ್ನ ಗೋಡೆಯಲ್ಲಿ ಕಟ್ಟಡಗಳನ್ನು ಹೊತ್ತು ನಿಂತಿದೆ. ಅಲ್ಲಿಗೆ ದೂರವಲ್ಲದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಬೆಸೆದು ಗೊಂಬೆ ಮಾಡುತ್ತಾರೆ. ಈ ಎರಡು ಊರುಗಳೂ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವೆಂಬುದನ್ನು ನಮ್ಮ ಕಿರಿಯರು ಮರೆಯಬಾರದು. ಇನ್ನು ಈ ನಗರದಲ್ಲಿಯೇ, ಪುರಾನಿ ಹವೇಲಿಯ ನಿಜಾಮ್ ವಸ್ತುಸಂಗ್ರಹಾಲಯದಲ್ಲಿ, ಏಳನೆಯ ನಿಜಾಮನಿಗೆ ಬೆಳ್ಳಿಹಬ್ಬದ ಸಂದರ್ಭದಲ್ಲಿ ಕಾಣಿಕೆಯಾಗಿ ಬಂದ, ಹೈದರಾಬಾದಿನ ಕಟ್ಟಡಗಳ ಬೆಳ್ಳಿಯ ಪ್ರತಿಕೃತಿಗಳಿವೆ. ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಗಾಜಿನ ಪೆಟ್ಟಿಗೆಯಲ್ಲಿದ್ದರೂ ಮಕ್ಕಳು ಪಕ್ಕಕ್ಕೆ ಹೋಗಿ, ಬಗ್ಗಿ, ಇಣಿಕಿ ನೋಡುತ್ತಾರೆ. ಚಿತ್ರದ ಮುಂದೆ ಯಾರೂ ಹಾಗೆ ಬಗ್ಗುವುದಿಲ್ಲ. ಚಿತ್ರಕ್ಕೆ ಹಿಂಬದಿ ಇಲ್ಲ. ತೋರಿಸುವವರು ಆಯ್ದ ದಿಕ್ಕೇ ಅದರ ಏಕೈಕ ದಿಕ್ಕು.

ಬ್ಯಾಂಕಿನ ಮೇಜಿನ ಮುಂದೆ ಇದು ಬರಿಯ ಸೌಂದರ್ಯದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಎರಡು ವರ್ಷಗಳ ಹಿಂದೆ ನಿವೃತ್ತ ಉಪಾಧ್ಯಾಯರೊಬ್ಬರು ಗೃಹಸಾಲ ಕೇಳಿಕೊಂಡು ಬಂದರು. ಕೈಯಲ್ಲಿ ಇಂಥದೇ ಮರದ ಮಾದರಿಯ ಚಿತ್ರಗಳಿದ್ದ ಸುಂದರ ಪುಸ್ತಿಕೆ. "ಮಾದರಿ ಕೂಡ ತಯಾರಾಗಿದೆ, ನೋಡಿ ಸ್ವಾಮಿ" ಎಂದರು. ಗ್ರಾಚ್ಯುಟಿಯ ಹಣದ ಬಹುಭಾಗವನ್ನು ಆಗಲೇ ಕಟ್ಟಿಬಿಟ್ಟಿದ್ದರು. ಮಂಜೂರಾದ ನಕ್ಷೆ ಎಲ್ಲಿ ಎಂದೆ, ಬರಲಿದೆ ಎಂದರು. ರೇರಾ ನೋಂದಣಿಯ ಸಂಖ್ಯೆ ಎಂದೆ, ಅದೂ ಬರಲಿದೆ. ಮಾದರಿಯನ್ನು ಕಣ್ಣಾರೆ ಕಂಡಿದ್ದೀರಾ ಎಂದು ಕೇಳಿದಾಗ ಅವರು ಪುಸ್ತಿಕೆಯನ್ನೇ ಮತ್ತೆ ತಿರುವಿದರು. ಆ ನಿವೇಶನದಲ್ಲಿ ಇಂದಿಗೂ ಮುಳ್ಳುಗಿಡಗಳೇ ಇವೆ.

2016ರ ರೇರಾ ಕಾಯಿದೆ ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. ಅದರ ವ್ಯಾಪ್ತಿಗೆ ಬರುವ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ಕೊಡುವಂತಿಲ್ಲ, ಮಾರುವಂತಿಲ್ಲ. ಮಾರಾಟದ ಕರಾರನ್ನು ಬರೆದು ನೋಂದಾಯಿಸುವ ಮೊದಲು ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಹಣವನ್ನು ಪಡೆಯುವಂತಿಲ್ಲ. ಜಾಹೀರಾತಿನ ಅಥವಾ ಮಾದರಿ ಮನೆಯ ಆಧಾರದ ಮೇಲೆ ಮುಂಗಡ ಕೊಟ್ಟವರಿಗೆ ಅದರಲ್ಲಿನ ಸುಳ್ಳಿನಿಂದ ನಷ್ಟವಾದರೆ, ಪರಿಹಾರ ಕೊಡಬೇಕೆಂದು 12ನೆಯ ಕಲಮು ಹೇಳುತ್ತದೆ. ಕಾಯಿದೆ ಇರುವುದು ಒಳ್ಳೆಯದೇ. ಆದರೆ ಎಪ್ಪತ್ತು ಸಮೀಪಿಸಿದವರಿಗೆ ಪರಿಹಾರಕ್ಕಾಗಿ ಅಲೆಯುವ ಶಕ್ತಿ ಎಷ್ಟಿರುತ್ತದೆ?

ಮತ್ತೆ ನಮ್ಮ ಸಭಾಂಗಣಕ್ಕೆ ಬರುತ್ತೇನೆ. ಚಿತ್ರಗಳು ಐದು. ಐದೂ ರಸ್ತೆಯ ಕಡೆಯಿಂದ, ಕೊಂಚ ಮೇಲಿನಿಂದ ನೋಡಿದಂತೆ ರಚಿತವಾದವು. ಮೆಟ್ಟಿಲು ಹಿಂಬದಿಯಲ್ಲಿದೆ, ಯಾವ ಚಿತ್ರದಲ್ಲಿಯೂ ಅದು ಬಂದಿಲ್ಲ. ಮನೆಗೆ ಹೋಗಿ ನಕ್ಷೆಯನ್ನು ಬಿಡಿಸಿ ನೋಡಿದೆ. ಒಂದೊಂದು ಮಹಡಿಗೆ 3.6 ಮೀಟರ್ ಎತ್ತರ, 20 ಮೆಟ್ಟಿಲು. ಎಂದರೆ ಒಂದೊಂದು ಮೆಟ್ಟಿಲೂ 18 ಸೆಂಟಿಮೀಟರ್. ಜನ ಸೇರುವ ಕಟ್ಟಡಗಳಲ್ಲಿ ಮೆಟ್ಟಿಲಿನ ಎತ್ತರ 15 ಸೆಂಟಿಮೀಟರ್ ಮೀರಬಾರದೆಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ನಿಯಮ. ಹಾಗೆ ಕಟ್ಟಿದರೆ ಮಹಡಿಗೆ 24 ಮೆಟ್ಟಿಲು ಬೇಕು. ಆ ನಾಲ್ಕು ಮೆಟ್ಟಿಲುಗಳಿಗೆ ಹಿಂಬದಿಯಲ್ಲಿ ಜಾಗವಿಲ್ಲ. ಲಿಫ್ಟು 'ಎರಡನೆಯ ಹಂತ'ದಲ್ಲಿ ಬರುವುದಂತೆ. ಇದೇ ಸಂಚಿಕೆಯಲ್ಲಿ ಮಂಡಿನೋವನ್ನೂ ಹೃದಯದ ಆರೈಕೆಯನ್ನೂ ಕುರಿತು ವೈದ್ಯಮಿತ್ರರು ಬರೆದಿರುತ್ತಾರೆ. ನಮ್ಮ ಸದಸ್ಯರಲ್ಲಿ ಆ ಲೇಖನಗಳನ್ನು ಮೊದಲು ಓದುವವರೇ ಸಭೆಗಳಿಗೆ ತಪ್ಪದೆ ಬರುವವರು. ಆ ಎರಡನೆಯ ಮಹಡಿಗೆ ಅವರು ಹೇಗೆ ಹತ್ತಬೇಕು?

ನಾನು ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ. ನಕ್ಷೆಯಲ್ಲಿ ಎಲ್ಲವೂ ಇತ್ತು, ನಾವು ನೋಡಲಿಲ್ಲ. ಚಿತ್ರ ಅಷ್ಟು ಚೆನ್ನಾಗಿರದಿದ್ದರೆ ಬಹುಶಃ ನೋಡುತ್ತಿದ್ದೆವು. ಆ ಹುಡುಗಿಗೆ ದೂರವಾಣಿ ಮಾಡಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಿಜವಾದ ಮಾದರಿಗೆ ಮೂರು ವಾರ ಬೇಕು, ಪ್ರತಿ ಬದಲಾವಣೆಗೂ ಮತ್ತೆ ಕೊರೆಯಬೇಕು, ಆದ್ದರಿಂದಲೇ ಎಲ್ಲರೂ ಈ ದಾರಿ ಹಿಡಿದಿದ್ದಾರೆ ಎಂದಳು. ಕೊನೆಗೆ, "ಮಾಡುತ್ತೇನೆ ಅಂಕಲ್, ಪ್ಲೈವುಡ್ ಖರ್ಚು ಸಂಘದ್ದು" ಎಂದಳು. ಸಮಿತಿ ಒಪ್ಪಿದೆ.

ಐವತ್ತರಲ್ಲಿ ಒಂದು ಪಾಲಿನ ಆ ಮಾದರಿಯನ್ನು ರಾಜ್ಯೋತ್ಸವದ ದಿನ ಸಂಘದ ವಾಚನಾಲಯದ ಮೇಜಿನ ಮೇಲೆ ಇಡಲಾಗುವುದು. ಮೇಜನ್ನು ಗೋಡೆಗೆ ಒತ್ತರಿಸಬಾರದೆಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ. ಚಾವಣಿಯನ್ನು ಎತ್ತಿ ಒಳಗೆ ನೋಡಬಹುದು. ಹಿಂಬದಿಗೆ ಹೋಗಿ ಮೆಟ್ಟಿಲುಗಳನ್ನು ಎಣಿಸಿರಿ. ಪಕ್ಕದಲ್ಲಿ ಒಂದು ನೋಟುಪುಸ್ತಕ ಇರುತ್ತದೆ, ನಿಮ್ಮ ಅಭಿಪ್ರಾಯವನ್ನು ಅದರಲ್ಲಿ ಬರೆಯಿರಿ.