ಟವರಷ್ಟೇ ಜಾಲವಲ್ಲ

ಮೊಬೈಲ್ ಜಾಲದ ಪ್ರವೇಶ ಭಾಗವೆಂದರೆ ಟವರ್, ಟವರ್ ಹೆಚ್ಚಿದರೆ ಸಂಪರ್ಕ ತಾನಾಗಿ ಸುಧಾರಿಸುತ್ತದೆ ಎಂಬ ವಾದವನ್ನು ಒಪ್ಪಲಾಗದು. ಟವರ್ ಬರೀ ಉಕ್ಕಿನ ಆಸರೆ. ಒಂದೇ ಟವರಿನ ಮೇಲೆ ಹಲವು ಕಂಪನಿಗಳ ಆಂಟೆನಾಗಳಿರಬಹುದು. ಆದರೂ ಅವುಗಳ ಜಾಲಗಳು ಬೇರೆ ಬೇರೆಯೇ.

ವ್ಯಾಖ್ಯೆ ಕೆಲಸದ ಮೇಲೆ ನಿಲ್ಲಬೇಕು. ಹ್ಯಾಂಡ್‌ಸೆಟ್ಟಿಗೂ ಕೋರ್ ಜಾಲಕ್ಕೂ ನಡುವೆ ರೇಡಿಯೋ ಸಂಪರ್ಕವನ್ನು ನಿಭಾಯಿಸುವ ವ್ಯವಸ್ಥೆಯೇ ಪ್ರವೇಶ ಜಾಲ. 2ಜಿ, 3ಜಿಗಳಲ್ಲಿ ಅನೇಕ ಬೇಸ್ ಸ್ಟೇಷನ್‌ಗಳನ್ನು ಆಳುವ ನಿಯಂತ್ರಕವೊಂದು ದೂರದಲ್ಲಿರುತ್ತಿತ್ತು. ಅದೂ ಪ್ರವೇಶ ಜಾಲದ್ದೇ ಅಂಗ. 4ಜಿ ಆ ಕೆಲಸದ ಬಹುಪಾಲನ್ನು ಬೇಸ್ ಸ್ಟೇಷನ್ನಿಗೇ ವಹಿಸಿತು. 5ಜಿಯಲ್ಲಂತೂ ಬೇಸ್ ಸ್ಟೇಷನ್ನನ್ನೇ ಕೇಂದ್ರ ಘಟಕ, ವಿತರಣಾ ಘಟಕವೆಂದು ಒಡೆಯಬಹುದು. ಕೇಂದ್ರ ಘಟಕ ಟವರಿನಿಂದ ದೂರದ ಸರ್ವರಿನಲ್ಲಿ ತಂತ್ರಾಂಶವಾಗಿ ಓಡಬಹುದು. ಟವರೇ ಪ್ರವೇಶ ಭಾಗವೆಂಬ ವ್ಯಾಖ್ಯೆಯಲ್ಲಿ ಅದಕ್ಕೆ ಜಾಗವೆಲ್ಲಿ?

ಟವರ್ ಹೆಚ್ಚಿದ ಮಾತ್ರಕ್ಕೆ ಸಂಪರ್ಕ ಸುಧಾರಿಸುವುದೂ ಇಲ್ಲ: ಟವರ್ ನೆಟ್ಟಗೆ ನಿಂತಿದ್ದರೂ ಅದನ್ನು ಕೋರ್ ಜಾಲಕ್ಕೆ ಜೋಡಿಸುವ ಏಕೈಕ ಫೈಬರ್ ತುಂಡಾದರೆ ಕರೆ ಹೋಗದು.