ಧನ ಹೋಗಿ ದನವಾದ ಬಗೆ

ತೆರೆಯ ಮೇಲೆ ಓಡಾಡುವ ಅಕ್ಷರಕ್ಕೆ ಯಾವ ಅಚ್ಚಾದರೂ ಆದೀತು, ಕಣ್ಣಿಗೆ ಚೆಂದ ಕಂಡರೆ ಸಾಕು ಎಂಬ ಮಾತು ನಮ್ಮ ತರುಣರಲ್ಲಿ ಬೇರೂರಿದೆ. ನಾನು ಇದನ್ನು ಒಪ್ಪಲಾರೆ.

ನಮ್ಮ ಮುದ್ದೇಬಿಹಾಳ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೆ ತಂಗಡಗಿ ಇದೆ; ನೀಲಾಂಬಿಕೆ ಐಕ್ಯಳಾದ ಸ್ಥಳವೆಂದು ಜನ ನಡೆದುಕೊಳ್ಳುವ ಊರು. ಆಕೆಯನ್ನು ಕುರಿತು ನನ್ನ ಅಣ್ಣನ ಮಗ ಒಂದು ವಿಡಿಯೊ ಮಾಡಿದ. ಅದರಲ್ಲಿ ಚಿತ್ರವಿಲ್ಲ, ಬರಿಯ ಅಕ್ಷರಗಳೇ ಕುಣಿದು ಬಂದು ಕತೆ ಹೇಳಬೇಕು. ಅವನು ಆರಿಸಿದ ಅಚ್ಚೋ, ಕುಂಬಳಕಾಯಿಯಷ್ಟು ದಪ್ಪ. ಮೊಬೈಲಿನಲ್ಲಿ ನೋಡುತ್ತಿದ್ದಾಗ 'ದನದ ಆಸೆ ಇಲ್ಲದವಳು' ಎಂಬ ಸಾಲು ಹಾದುಹೋಯಿತು. ಆಕಳು ಎಮ್ಮೆಗಳ ಸುದ್ದಿ ಇಲ್ಲೇಕೆ ಬಂತೆಂದು ಕೇಳಿದೆ. ಅವನು ಬರೆದದ್ದು 'ಧನ'ವೇ. ಧಕಾರದ ಬುಡದ ಕಿರುಗೀಟು ಆ ಕೊಬ್ಬಿನಲ್ಲಿ ಮುಚ್ಚಿಹೋಗಿತ್ತು.

"ಮಂದಿ ಹೊಂದಿಸ್ಕೊಂಡು ಓದ್ತಾರ ಬಿಡ್ರಿ, ಕಾಕಾ" ಎಂದ.

ಯಾರು ಹೊಂದಿಸಿಕೊಳ್ಳುತ್ತಾರೆ? ಮೊದಲೇ ಬಲ್ಲವರು. ಬಲ್ಲವರಿಗೆ ಈ ವಿಡಿಯೊ ಏತಕ್ಕೆ? ಪುಸ್ತಕದಲ್ಲಾದರೆ ಎಡವಿದ ಓದುಗ ಹಿಂದಿರುಗಿ ನೋಡಿಯಾನು. ಇಲ್ಲಿ ಸಾಲು ಎರಡು ಉಸಿರಿನೊಳಗೆ ಮಾಯ. ಆದುದರಿಂದ ಓಡುವ ಅಕ್ಷರಕ್ಕೆ ನಿಂತ ಅಕ್ಷರಕ್ಕಿಂತ ಹೆಚ್ಚಿನ ಸ್ಪಷ್ಟತೆ ಬೇಕು. ಅದನ್ನೇ ನಾವು ಅಲಂಕಾರಕ್ಕೆ ಬಲಿಕೊಡುತ್ತಿದ್ದೇವೆ!

ಅಚ್ಚನ್ನು ಬದಲಿಸಿದರೂ ಮುಗಿಯದ ತೊಡಕೊಂದುಂಟು. ಇಂಗ್ಲಿಷಿನ ಅಳತೆಗೆ ಸಾಲುಗಳನ್ನು ಒತ್ತಾಗಿ ಹೊಂದಿಸಿದರೆ ನಮ್ಮ ಒತ್ತಕ್ಷರಗಳ ಕಾಲು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅಕ್ಷರಗಳನ್ನು ಒಂದೊಂದಾಗಿ ಹಾರಿಸುವ ಯಂತ್ರವಿದ್ಯೆಯ ಪಾಡು ಇನ್ನೂ ಘೋರ. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಅದು 6 ಸಂಕೇತಗಳ ಮಾಲೆ. ತಿಳಿಯದ ತಂತ್ರಾಂಶ ಅದನ್ನು ಕಡಿದು ಸಕಾರವನ್ನು ಒಂದು ಕಡೆಯಿಂದ, ದೀರ್ಘವನ್ನು ಇನ್ನೊಂದು ಕಡೆಯಿಂದ ಎಸೆಯುತ್ತದೆ. ಅಂಥಲ್ಲಿ ಇಡೀ ಪದವನ್ನೇ ಚಲಿಸಬಿಡುವುದು ಲೇಸು.

ವಿಜಾಪುರದ ಫ.ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮುಂದೆ ಸ್ವಂತ ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಅದೇ ಜಿಲ್ಲೆಯ ನಾವು ಶರಣೆಯ ಹೆಸರಿನಲ್ಲಿ ಅಕ್ಷರ ಕುಣಿಸುವಾಗ ಅಚ್ಚನ್ನು ಪರೀಕ್ಷಿಸಲು ಹತ್ತು ನಿಮಿಷ ಕೊಡಲಾರೆವೆ? ಮನೆ ಮಾರಬೇಕಾಗಿಯೂ ಇಲ್ಲ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡದಂಥ ಅಚ್ಚುಗಳು ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ತೀರ ತೆಳುವಾದುದು ಸಣ್ಣ ತೆರೆಯಲ್ಲಿ ಕರಗಿಹೋಗುತ್ತದೆ. ತೀರ ದಪ್ಪದ್ದರ ಕತೆ ಮೇಲೆ ಹೇಳಿಯಾಯಿತು. ನಡುವಿನದನ್ನು ತೆಗೆದುಕೊಂಡು ದ, ಧ, ಥ. ಪ, ಫ, ಷ. ರಾಷ್ಟ್ರ, ಸ್ತ್ರೀ ಎಂದು ಬರೆದು, ಅಗ್ಗದ ಮೊಬೈಲೊಂದನ್ನು ಕೈಯಳತೆಯ ದೂರದಲ್ಲಿ ಹಿಡಿದು ನೋಡಬೇಕು. ಅಲ್ಲಿ ಗೆದ್ದ ಅಚ್ಚು ಎಲ್ಲಿಯೂ ಗೆದ್ದೀತು.

ಹುಡುಗ ಮುಖ ಗಂಟಿಕ್ಕಿಕೊಂಡೇ ಅಚ್ಚು ಬದಲಿಸಿದ್ದಾನೆ. ನೀಲಾಂಬಿಕೆಗೆ ಧನ ಮರಳಿ ಬಂದಿದೆ, ಆಸೆಯಂತೂ ಮೊದಲೇ ಇಲ್ಲ. ಎರಡು ಸಾಲುಗಳಲ್ಲಿ ಮಾತ್ರ ಒತ್ತು ಇನ್ನೂ ಕೆಳಗೆ ತಾಗುತ್ತಿದೆ. ಅಂತರ ಹೆಚ್ಚಿಸಿ ತೋರಿಸುವೆನೆಂದು ಹೇಳಿ ಹೋಗಿದ್ದಾನೆ.